ಸೀತಾಫಲ ಗುಡ್ಡದ ನಿಶ್ಚಿತಾರ್ಥ

ಜನವರಿ 8

ಇವತ್ತು ಕೆಲಸಕ್ಕೆ ಸೇರಿಕೊಂಡೆ. ಹನ್ನೊಂದು ವರ್ಷ ಚಿಕ್ಕಬಳ್ಳಾಪುರದ ಹೈವೇ ಪಕ್ಕ ಕಲ್ಯಾಣ ಮಂಟಪ ನಡೆಸಿದವಳಿಗೆ ಇದು ಯಾವ ಮಹಾ. ನಲವತ್ತು ಎಕರೆ ಕಲ್ಲುಗುಡ್ಡ, ಕುರುಚಲು ಗಿಡ, ಆರು ರೂಮು, ಒಂದು ಅಡುಗೆಮನೆ. ಮಂಟಪದ ಯಜಮಾನರ ಅಳಿಯ ಬಂದು ನನ್ನ ಕುರ್ಚಿಯಲ್ಲಿ ಕೂತ, ಅಷ್ಟೇ ಆಗಿದ್ದು. ಕೆಲಸ ಬಾರದೆ ಹೊರಬಿದ್ದವಳಲ್ಲ ನಾನು. ದೇವನಹಳ್ಳಿ ಹತ್ತಿರ ಕಟ್ಟುತ್ತಿರುವ ಹೊಸ ಕನ್ವೆನ್ಷನ್ ಹಾಲಿನವರು ಮಾರ್ಚ್ ಹೊತ್ತಿಗೆ ಕರೆಯುತ್ತೇವೆ ಅಂದಿದ್ದಾರೆ. ಅಲ್ಲಿವರೆಗೆ ಇದು.

ದಿಬ್ಬೂರಹಳ್ಳಿ ದಾಟಿ ಎಡಕ್ಕೆ ತಿರುಗಿದರೆ ಗುಡ್ಡ. ತುಂಬ ಕಾಡು ಸೀತಾಫಲದ ಗಿಡ, ಅದಕ್ಕೇ ಆ ಹೆಸರು. ಯಜಮಾನಿ ಶ್ಯಾಮಲಮ್ಮ, ಕಾಲೇಜಿನಲ್ಲಿ ಗಿಡಮರದ ಪಾಠ ಹೇಳಿ ರಿಟೈರ್ ಆದವರು, ಎಪ್ಪತ್ತು ದಾಟಿದೆ. ಬೋಳುಗುಡ್ಡವಾಗಿದ್ದಾಗ ಕೊಂಡು, ಬೇಲಿ ಹಾಕಿ, ಸುಮ್ಮನೆ ಬಿಟ್ಟರಂತೆ. ತಾನೇ ಕಾಡಾಯಿತಂತೆ. ಈಗ ಟ್ರಸ್ಟು. ಶನಿವಾರ ಭಾನುವಾರ ಹಕ್ಕಿ ನೋಡುವವರು ಬಂದು ಉಳಿಯುತ್ತಾರೆ. ಜಾಗ ತನ್ನ ಕಾಲ ಮೇಲೆ ನಿಲ್ಲಬೇಕು, ಸಣ್ಣಪುಟ್ಟ ಕಾರ್ಯಕ್ರಮಗಳೂ ಆಗಲಿ ಅಂತ ನನ್ನನ್ನು ಕರೆಸಿದ್ದು.

ಮೇಡಂ ಬಹಳ ಮೆಲ್ಲಗೆ ಮಾತಾಡುತ್ತಾರೆ. ನನ್ನ ದನಿ ಮೈಕಿಲ್ಲದೆ ಡೈನಿಂಗ್ ಹಾಲಿನ ಕೊನೇ ಪಂಕ್ತಿಗೆ ಮುಟ್ಟುವಂಥದ್ದು. ನಾನು ಬಾಯಿ ತೆರೆದಾಗ ಒಂದು ಹೆಜ್ಜೆ ಹಿಂದೆ ಸರಿದರು.

ಸಂಜೆ ಒಂದು ಸುತ್ತು ಹಾಕಿದೆ. ಗುಡ್ಡದ ನೆತ್ತಿಗಿಂತ ಸ್ವಲ್ಪ ಕೆಳಗೆ ಚಪ್ಪಟೆ ಬಂಡೆಯಿದೆ. ಯಾರೋ ಅಳತೆ ಕೊಟ್ಟು ಮಾಡಿಸಿದಂಥ ಸ್ಟೇಜು. ಹಿಂದೆ ಗೋಡೆಯಂಥ ಎತ್ತರದ ಬಂಡೆ, ಬ್ಯಾಕ್‌ಡ್ರಾಪ್ ಕಟ್ಟಿಸುವ ರಗಳೆಯಿಲ್ಲ. ಕೆಳಗೆ ಮಾವಿನ ತೋಪಿನಲ್ಲಿ ಪಾರ್ಕಿಂಗ್. ಇವರಿಗೆ ಇಷ್ಟು ದಿನ ಯಾಕೆ ಹೊಳೆದಿಲ್ಲವೋ.

ಜನವರಿ 12

ಹಾಸಿಗೆ, ಬಿಸಿನೀರು, ಊಟದ ಹೊತ್ತು, ಮೂರನ್ನೂ ಸರಿ ಮಾಡಿದೆ. ಅಡುಗೆಯ ಆಂಜಿನಮ್ಮನಿಗೆ ಏನೂ ಹೇಳಿಕೊಡಬೇಕಾಗಿಲ್ಲ. ಅವರ ಹುರುಳಿಕಾಳು ಬಸ್ಸಾರಿಗೆ ಬೆಂಗಳೂರಿನವರು ಬೆರಳು ನೆಕ್ಕುತ್ತಾರೆ.

ಮಧ್ಯಾಹ್ನ ಊಟಕ್ಕೆ ಬನ್ನಿ ಅಂತ ಎಲ್ಲರನ್ನೂ ಕೂಗಿದೆ. ಕ್ಯಾಮೆರಾ ಹಿಡಿದ ಒಬ್ಬರು ಅಳುಮುಖ ಮಾಡಿಕೊಂಡು ಇಳಿದುಬಂದರು. ಬೆಳಗಿನಿಂದ ಕಾದಿದ್ದ ಹಕ್ಕಿ ನನ್ನ ದನಿಗೆ ಹಾರಿಹೋಯಿತಂತೆ. ಹಕ್ಕಿ ತಾನೆ, ನಾಳೆ ಬರುತ್ತೆ ಬಿಡಿ ಸಾರ್ ಅಂದೆ. ಪಕ್ಕದಲ್ಲಿದ್ದ ಭಾನುಪ್ರಕಾಶ್ ನೆಲ ನೋಡಿದ. ಅತಿಥಿಗಳನ್ನು ಗುಡ್ಡ ಸುತ್ತಿಸುವವನು ಅವನೇ, ಜುವಾಲಜಿ ಎಂ.ಎಸ್ಸಿ., ಇಪ್ಪತ್ತೇಳು ವಯಸ್ಸು. ಮಾತಿಗೆ ಸುಂಕ ಕಟ್ಟಬೇಕೇನೋ ಅನ್ನುವ ಹಾಗೆ ಇರುತ್ತಾನೆ.

ಸೋಮವಾರ ಊರಿಗೆ ಹೋಗಿ ಅಮ್ಮನನ್ನು ನೋಡಿಕೊಂಡು ಬರಬೇಕು.

ಜನವರಿ 21

ಮೊದಲನೇ ದೊಡ್ಡ ಬುಕಿಂಗ್. ಹದಿನೈದು ದಿನ ಕೂಡ ಆಗಿಲ್ಲ ನಾನು ಬಂದು.

ಬಂದವರು ಮುನಿಶಾಮಪ್ಪನವರು. ಗುಡ್ಡದ ಬುಡದ ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ ಎಲ್ಲ ಅವರದು. ನಮ್ಮ ಜೀಪು ಬರುವ ದಾರಿಯೂ ಅವರ ಜಮೀನಿನಲ್ಲೇ. ಮೊಮ್ಮಗಳು ಮೌನಿಕಾಳ ನಿಶ್ಚಿತಾರ್ಥ ಮಾರ್ಚ್ ಒಂಬತ್ತಕ್ಕೆ. ಹುಡುಗ ಬ್ಯಾಂಕಿನವನು, ಅವನ ಕಡೆಯವರು ಗುಡ್ಡದ ಫೋಟೋ ನೋಡಿ ಇಲ್ಲೇ ಆಗಬೇಕು ಅಂದಿದ್ದಾರೆ.

ಹೆಸರು ಕೇಳಿದರು. ಸಂಘಮಿತ್ರ ಅಂದೆ. ಅಂಥ ಹೆಸರು ಯಾರಿಟ್ಟಿದ್ದು ಅಂದರು. ನಮ್ಮಪ್ಪ ಬೌದ್ಧರಾದ ವರ್ಷ ಹುಟ್ಟಿದವಳು, ಅವರೇ ಇಟ್ಟಿದ್ದು ಅಂದೆ. ಒಳಗೆ ಬನ್ನಿ ಅಂದರೆ ‘ಇಲ್ಲೇ ಗಾಳಿ ಚೆನ್ನಾಗೈತೆ’ ಅಂತ ಹೊರಗಿನ ಕಲ್ಲಿನ ಮೇಲೇ ಕೂತರು. ಇಂಥ ಗಾಳಿ ನಾನು ಬಹಳ ಕಂಡಿದ್ದೇನೆ. ಅದರಿಂದ ನನ್ನ ಒಂದು ಬುಕಿಂಗೂ ಹಾರಿಹೋಗಿಲ್ಲ.

ಐದು ನೂರು ಜನ, ಆರ್ಕೆಸ್ಟ್ರಾ, ಪಟಾಕಿ. ಎಲ್ಲಕ್ಕೂ ಆಗಲಿ ಯಜಮಾನರೇ ಅಂದೆ.

ಜನವರಿ 22

ಶ್ಯಾಮಲಮ್ಮ ಮೇಡಂ ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು. ‘ಮಾತು ಕೊಟ್ಟಾಯ್ತಲ್ಲ ಸಂಘಮಿತ್ರ. ಉಳಿಸ್ಕೊಳ್ಳೋದೂ ನೀವೇ. ಒಂದು ಹೊತ್ತಿಗೆ ನೂರು ಜನ. ಮೈಕಿಲ್ಲ, ಪಟಾಕಿ ಇಲ್ಲ. ಹೊತ್ತು ಮುಳುಗೋದರೊಳಗೆ ಗುಡ್ಡ ಖಾಲಿ.’

ಇದಕ್ಕೆ ಕಾರ್ಯಕ್ರಮ ಅನ್ನುತ್ತಾರಾ, ಸಂತಾಪಸಭೆ ಅನ್ನುತ್ತಾರಾ.

ಜನವರಿ 30

ಮುನಿಶಾಮಪ್ಪನವರ ಮನೆಗೆ ಹೋಗಿ ಎಲ್ಲ ಒಪ್ಪಿಸಿ ಬಂದೆ. ಮೈಕ್ ಹಾಕಿಸುವುದು ಈಗ ಬೆಂಗಳೂರಿನ ದೊಡ್ಡ ಮನೆಯವರಲ್ಲಿ ಇಲ್ಲವೇ ಇಲ್ಲ, ಬರೀ ನಾದಸ್ವರ ಇದ್ದರೆ ಅದರ ಗತ್ತೇ ಬೇರೆ ಅಂದೆ. ಅವರ ಮಗ, ಅಂದರೆ ಹುಡುಗಿಯ ಅಪ್ಪ ರಮೇಶ್‌ಬಾಬು, ಯಜಮಾನರ ಮುಖ ನೋಡಿ ತಲೆಯಾಡಿಸಿದರು. ಅವರು ಯಾವಾಗಲೂ ಹಾಗೆಯೇ ಅಂತ ಕಾಣುತ್ತದೆ. ಊರಿನ ಜನ ಪಾಳಿಯ ಮೇಲೆ ಬಂದು ಉಂಡು ಹೋಗುವುದು ಅಂತಾಯಿತು.

ಮೌನಿಕಾ ಪಾನಕ ತಂದುಕೊಟ್ಟಳು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಯ ಡಿಗ್ರಿ, ಕೊನೇ ವರ್ಷ. ಸೀರೆಯ ಬಣ್ಣ ಕೇಳಿದೆ, ಸ್ಟೇಜಿನ ಹೂವಿಗೆ ಹೊಂದಬೇಕಲ್ಲ. ‘ಯಾವುದಾದ್ರೂ ಆಗ್ಲಿ ಆಂಟಿ’ ಅಂದಳು. ಹೆಣ್ಣುಮಕ್ಕಳ ಮುಖ ನೋಡುತ್ತ ಕೂರುವುದು ನನ್ನ ಕೆಲಸವಲ್ಲ. ಅತ್ತರೂ ನಕ್ಕರೂ ಮುಹೂರ್ತಕ್ಕೆ ಮುಂಚೆ ಸ್ಟೇಜಿನ ಮೇಲೆ ಇರಬೇಕು, ಅಷ್ಟು ನನ್ನ ಜವಾಬ್ದಾರಿ. ನನ್ನ ಕೈಯಲ್ಲಿ ಒಂದು ಮುಹೂರ್ತವೂ ತಪ್ಪಿಲ್ಲ.

ಫೆಬ್ರವರಿ 3

ಭಾನುಪ್ರಕಾಶ್ ಇವತ್ತು ತಾನಾಗಿ ನನ್ನನ್ನು ಹುಡುಕಿಕೊಂಡು ಬಂದ. ಮಾತಿಲ್ಲದೆ ಮೇಲಕ್ಕೆ ಕರೆದುಕೊಂಡು ಹೋದ. ಸ್ಟೇಜ್ ಬಂಡೆಯಿಂದ ದೂರದಲ್ಲೇ ಗಿಡದ ಮರೆಯಲ್ಲಿ ಕೂರಿಸಿ ಬೈನಾಕ್ಯುಲರ್ ಕೊಟ್ಟ. ಹಿಂದಿನ ಬಂಡೆಗೋಡೆಯ ನಡುವೆ ಒಂದು ಗೂಡಿನಂಥ ಬಿರುಕು. ಅದರಲ್ಲಿ ಕಲ್ಲು. ಕಲ್ಲೇ ಅಂದುಕೊಂಡೆ. ಆಮೇಲೆ ಆ ಕಲ್ಲು ಕಣ್ಣು ಬಿಟ್ಟಿತು. ಕೆಂಡದಂಥ ಕಣ್ಣು, ತಲೆಯ ಮೇಲೆ ಎರಡು ಕೊಂಬು.

ಕೊಂಬಿನ ಗೂಬೆ. ಮೊಟ್ಟೆಯ ಮೇಲೆ ಕೂತಿದೆಯಂತೆ. ಕೆಳಗೆ ಜನ ಓಡಾಡಿದರೆ ಎದ್ದು ಹೋಗುತ್ತದೆ, ಮೊಟ್ಟೆ ಆರಿಹೋಗುತ್ತವೆ. ಇದು ಊರಿಗೆ ಗೊತ್ತಾದರೆ ಇನ್ನೂ ಕಷ್ಟ. ‘ಅಮಾವಾಸ್ಯೆ ಪೂಜೆಗೆ ಅಂತ ಹಿಡ್ಕೊಂಡು ಹೋಗಿ ಮಾರ್ತಾರೆ ಮೇಡಂ. ಯಾರಿಗೂ ಹೇಳ್ಬೇಡಿ.’ ಅವನು ಇಷ್ಟುದ್ದ ಮಾತಾಡಿದ್ದು ಇವತ್ತೇ.

ನಮ್ಮ ಮನೆಯಲ್ಲಿ ಶಕುನ ಅಪಶಕುನ ಯಾವುದೂ ಇಲ್ಲ, ಅಪ್ಪ ನಮ್ಮನ್ನು ಹಾಗೆ ಬೆಳೆಸಲಿಲ್ಲ. ಗೂಬೆಗೆ ನಾನು ಹೆದರುವುದಿಲ್ಲ. ಗೂಬೆಯ ಸುದ್ದಿಗೆ ಹೆದರುತ್ತೇನೆ. ನಿಶ್ಚಿತಾರ್ಥದ ಸ್ಟೇಜಿನ ನೆತ್ತಿಯ ಮೇಲೆ ಗೂಬೆ ಮೊಟ್ಟೆಯಿಟ್ಟಿದೆ ಅಂತ ಮುನಿಶಾಮಪ್ಪನವರ ಕಿವಿಗೆ ಬಿದ್ದರೆ ಫಂಕ್ಷನ್ನೂ ಹೋಯಿತು, ಗೂಬೆಯೂ ಹೋಯಿತು.

ಸ್ಟೇಜ್ ಕೆಳಗಿನ ಮಾವಿನ ತೋಪಿಗೆ ಹೋಗುತ್ತದೆ. ಪಾರ್ಕಿಂಗ್ ಬೇಲಿಯ ಹೊರಗೆ. ತೀರ್ಮಾನ ಆಯಿತು.

ಫೆಬ್ರವರಿ 6

ಮಾವಿನ ಹೂವಿನ ಕೆಳಗೆ ಉಂಗುರ ಬದಲಾಯಿಸಿದರೆ ಅದಕ್ಕಿಂತ ಶುಭ ಏನಿದೆ ಅಂದೆ ಯಜಮಾನರಿಗೆ. ಖುಷಿಯಾದರು. ಸುಳ್ಳೇನೂ ಹೇಳಲಿಲ್ಲ, ಹೂವು ನಿಜವಾಗಿಯೂ ಬಿಟ್ಟಿದೆ.

ಫೆಬ್ರವರಿ 16

ಮೌನಿಕಾ ಒಬ್ಬಳೇ ಬಂದಿದ್ದಳು, ಫೋಟೋಗೆ ಜಾಗ ನೋಡಲು. ನಾನು ರೂಮಿನ ಚಾದರ ಎಣಿಸುತ್ತಿದ್ದೆ. ತಲೆಯೆತ್ತಿದರೆ ಅವಳು ಚಪ್ಪಟೆ ಬಂಡೆಯ ಕಡೆ ಹತ್ತುತ್ತಿದ್ದಾಳೆ. ಕೂಗಲಾಗಲಿಲ್ಲ. ಮೊಟ್ಟೆಯೊಡೆದು ಮರಿ ಬಂದು ನಾಲ್ಕು ದಿನವಾಗಿದೆ, ತಾಯಿ ಬೆದರುತ್ತದೆ. ಚಾದರ ಅಲ್ಲೇ ಬಿಟ್ಟು ಓಡಿದೆ. ಈ ವಯಸ್ಸಿನಲ್ಲಿ, ಸೀರೆಯಲ್ಲಿ, ಆ ಏರಿನಲ್ಲಿ. ತೋಳು ಹಿಡಿದು ಗಿಡದ ಮರೆಗೆ ಎಳೆದುಕೊಂಡೆ. ಹುಡುಗಿ ಗಾಬರಿಯಾದಳು, ಕಾರಣ ಹೇಳಲೇಬೇಕಾಯಿತು. ಹೇಳಿದೆ. ಭಾನುಪ್ರಕಾಶ್ ಆ ಗಿಡದ ಮರೆಯಲ್ಲಿ ಇಟ್ಟಿರುವ ಬೈನಾಕ್ಯುಲರ್ ಕೊಟ್ಟು ತೋರಿಸಿದೆ ಕೂಡ.

ಬಹಳ ಹೊತ್ತು ನೋಡಿದಳು. ತಾಯಿಯ ಎದೆಯ ಕೆಳಗಿಂದ ಬಿಳಿ ಹತ್ತಿಯುಂಡೆಯಂಥ ಒಂದು ತಲೆ ಹೊರಗೆ ಬಂತು, ಒಳಗೆ ಹೋಯಿತು. ಬೈನಾಕ್ಯುಲರ್ ಇಳಿಸಿ ಇದ್ದಕ್ಕಿದ್ದಂತೆ ಅಂದಳು:

‘ಆಂಟಿ, ಇಲ್ಲಿ ಗೂಬೆ ಐತೆ ಅಂತ ತಾತಂಗೆ ಹೇಳಿಬಿಡಿ. ಅಪಶಕುನ ಅಂತ ಅವರೇ ನಿಲ್ಲಿಸ್ತಾರೆ.’

ಅವಳೇ ಹೇಳಿಕೊಂಡು ಹೋದಳು. ಹುಡುಗ ಕೆಟ್ಟವನಲ್ಲವಂತೆ. ಕುಡಿಯುವುದಿಲ್ಲ, ಬೈಯುವುದಿಲ್ಲ. ‘ಆದ್ರೆ ನಾನು ಏನು ಹೇಳಿದ್ರೂ ನಗ್ತಾರೆ. ಎಂ.ಎಸ್ಸಿ. ಮಾಡ್ತೀನಿ ಅಂದ್ರೆ ನಗ್ತಾರೆ. ಹುಳದ ಮನೆಗೆ ರೋಗ ಬಂದಿತ್ತು, ನಾನೇ ಔಷಧ ಹೇಳಿದ್ದು ಅಂದ್ರೆ ನಗ್ತಾರೆ. ನಂಗೆ ಈ ಮದುವೆ ಬೇಡ ಅಂತ ಒಂದ್ಸಲ ಅವರಿಗೇ ಹೇಳ್ದೆ. ಅದಕ್ಕೂ ನಕ್ಕರು.’

ಗೂಬೆಯ ಮೇಲೆ ಹಾಕಿಬಿಡುವುದು ಸುಲಭ. ಒಂದು ಮಾತು ಸಾಕು. ನಾಳೆಯೇ ಹತ್ತು ಜನ ಕಲ್ಲು ಹಿಡಿದು ಮೇಲೆ ಬರುತ್ತಾರೆ, ಅದು ಅವಳಿಗೆ ಹೊಳೆದಿರಲಿಲ್ಲ. ಅದನ್ನು ಹೇಳಿದೆ. ಆಮೇಲೆ ಇನ್ನೊಂದು ಮಾತೂ ಹೇಳಿದೆ.

‘ಇಲ್ಲಿ ಬೇಡ ಅಂದ್ರೆ ಚಿಕ್ಕಬಳ್ಳಾಪುರದಲ್ಲಿ ಕಲ್ಯಾಣ ಮಂಟಪ ಹಿಡೀತಾರೆ. ಅಲ್ಲಿ ಗೂಬೆ ಇರಲ್ಲ ಕಣಮ್ಮ. ಆಗ ಏನು ಹೇಳ್ತೀಯ?’

ಅವಳು ಬೈನಾಕ್ಯುಲರ್ ನನ್ನ ಕೈಗಿಟ್ಟಳು. ಇಳಿದು ಹೋದಳು.

ಫೆಬ್ರವರಿ 17

ನನ್ನ ಕೆಲಸವಲ್ಲ.

ಫೆಬ್ರವರಿ 19

ಮುನಿಶಾಮಪ್ಪನವರ ಮನೆಗೆ ಫೋನ್ ಮಾಡಿದೆ. ಹುಡುಗನ ಕಡೆ ಹಿರಿಯರು ಹಿಂದಿನ ದಿನವೇ ಬಂದು ನಮ್ಮಲ್ಲಿ ಉಳಿಯುತ್ತಾರಲ್ಲ, ರೂಮು ಹೇಗಿದೆ ಅಂತ ಮನೆಯ ಹೆಂಗಸರೇ ಒಂದು ರಾತ್ರಿ ಇದ್ದು ನೋಡಲಿ ಅಂದೆ. ಹೆಂಡತಿ ವರಲಕ್ಷ್ಮಮ್ಮನನ್ನೂ ಮೌನಿಕಾಳನ್ನೂ ಕಳಿಸುತ್ತೇನೆ ಅಂದರು.

ರೂಮು ತೋರಿಸುವುದು ನನ್ನ ಕೆಲಸವೇ ತಾನೆ.

ಫೆಬ್ರವರಿ 23

ನಿನ್ನೆ ಸಂಜೆ ಅಜ್ಜಿ ಮೊಮ್ಮಗಳು ಬಂದರು. ವರಲಕ್ಷ್ಮಮ್ಮ ಬರುವಾಗಲೇ ಒಂದು ಡಬ್ಬಿ ಉಪ್ಪಿನಕಾಯಿ, ಒಂದು ಡಬ್ಬಿ ಚಟ್ನಿಪುಡಿ ತಂದಿದ್ದರು. ಅಡುಗೆಮನೆಗೆ ಹೋಗಿ ಸೌತೆಕಾಯಿ ಹೆಚ್ಚಲು ಕೂತರು. ಆಂಜಿನಮ್ಮ ಇವರ ಮುಂದಿನ ಈಳಿಗೆಮಣೆ ಕಸಿದು, ನೀವು ಇವತ್ತು ಅತಿಥಿ ಅಂತ ಆಚೆ ಕೂರಿಸಿದರು. ಕೈಗೆ ಕೆಲಸವಿಲ್ಲದೆ ಅವರಿಗೆ ಕೈ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಸೆರಗಿನ ತುದಿ ಸುತ್ತುತ್ತ ಬಿಚ್ಚುತ್ತ ಕೂತರು. ಊಟವಾದ ಕೂಡಲೇ ಮಲಗಿದರು.

ಬೆಳಗ್ಗೆ ಜಗುಲಿಯಲ್ಲಿ ಮೂವರೂ ಕೂತಿದ್ದೆವು. ಗುಡ್ಡದ ಮೇಲೆ ಇನ್ನೂ ಮಂಜು. ನಾನು ಮೌನಿಕಾಳ ಮುಖ ನೋಡಿದೆ. ಅವಳು ಹೇಳಿದಳು. ಶುರುವಿನಲ್ಲಿ ತಡವರಿಸಿದಳು, ಆಮೇಲೆ ನೇರವಾಗಿ ಹೇಳಿದಳು. ಗೂಬೆಯ ಬಗ್ಗೆಯೂ ಮುಚ್ಚಿಡಲಿಲ್ಲ. ಅದರ ಹೆಸರು ಹೇಳಿ ತಪ್ಪಿಸಿಕೊಳ್ಳೋಣ ಅಂದುಕೊಂಡಿದ್ದೆ ಅಂತಲೂ ಅಂದಳು. ನನಗೆ ಜೀವ ಬಾಯಿಗೆ ಬಂತು. ಆದರೆ ಅಜ್ಜಿಗೆ ಗೂಬೆ ಮುಖ್ಯ ಅನ್ನಿಸಲಿಲ್ಲ.

ಮನೆಯಲ್ಲಿ ಅವರದು ತೆಲುಗು. ‘ಮುಂದೇ ಎಂದುಕು ಚೆಪ್ಪಲೇದೇ?’ ಅಂದರು, ಮೊದಲೇ ಯಾಕೆ ಹೇಳಲಿಲ್ಲ ಅಂತ. ಹೇಳಿದರೆ ಯಾರು ಕೇಳುತ್ತಿದ್ದರು ಅಂದಳು ಇವಳು.

ವರಲಕ್ಷ್ಮಮ್ಮ ಮಂಜಿನ ಕಡೆ ತಿರುಗಿದರು. ‘ಆ ಹುಡುಗ ನಗ್ತಾನೆ. ನಿಮ್ಮ ತಾತ ನಗೋದೂ ಇಲ್ಲ, ಅವರಿಗೆ ಕೇಳಿಸೋದೇ ಇಲ್ಲ’ ಅಂದರು. ಬೇಸರದಿಂದ ಅಂದದ್ದಲ್ಲ. ಬಾವಿಯಲ್ಲಿ ನೀರೆಷ್ಟಿದೆ ಅಂತ ಹೇಳುವ ಹಾಗೆ ಅಂದರು. ಆಮೇಲೆ, ‘ನೀನೇ ಹೇಳ್ಬೇಕಮ್ಮ. ನಾನು ಪಕ್ಕದಲ್ಲಿ ನಿಂತ್ಕೋತೀನಿ’ ಅಂತ ಹೇಳಿ ನನ್ನ ಕಡೆ ತಿರುಗಿದರು. ನಾನೂ ಬರಬೇಕಂತೆ. ಹೊರಗಿನವರ ಮುಂದೆ ಅವರು ಕೂಗಾಡುವುದಿಲ್ಲವಂತೆ.

ನಾಳೆ ಹೋಗುತ್ತೇನೆ. ಶ್ಯಾಮಲಮ್ಮ ಮೇಡಂಗೆ ಹೇಳಿದೆ. ಈ ಬುಕಿಂಗ್ ಹೋಗಬಹುದು ಅಂದೆ. ‘ಹೋಗಲಿ’ ಅಂದರು. ಮತ್ತೆ, ‘ಚಪ್ಪಲಿ ಗಟ್ಟಿಯದು ಹಾಕ್ಕೊಳ್ಳಿ, ಆ ಕಡೆ ಮುಳ್ಳು’ ಅಂದರು.

ಫೆಬ್ರವರಿ 24

ಹೊತ್ತು ನೋಡಿ ಹೋಗಲಿಲ್ಲ ನಾವು. ಹುಳದ ಮನೆಯಲ್ಲಿ ಹುಳ ಹಣ್ಣಾಗಿದ್ದವು. ಹಣ್ಣಾದ ರೇಷ್ಮೆಹುಳ ಯಾರಿಗೂ ಕಾಯುವುದಿಲ್ಲ. ಸೊಪ್ಪು ಬಿಟ್ಟು ತಲೆಯೆತ್ತಿ ಆಡಿಸುತ್ತಿರುತ್ತವೆ, ಆರಿಸಿ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಕಂಡಕಂಡಲ್ಲಿ ನೂಲು ಬಿಟ್ಟು ಹಾಳು. ಮುನಿಶಾಮಪ್ಪನವರು ತಟ್ಟೆ ಹಿಡಿದು ಕೂತಿದ್ದರು. ವರಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರು. ಮೌನಿಕಾ ಕೂತಳು. ನಾನೊಬ್ಬಳೇ ನಿಂತಿರುವುದು ಸರಿಯಲ್ಲ ಅಂತ ನಾನೂ ಕೂತೆ. ಹಳದಿಗೆ ತಿರುಗಿದ ಹುಳವನ್ನು ಹೇಗೆ ಗುರುತಿಸಬೇಕು ಅಂತ ಹುಡುಗಿ ತೋರಿಸಿಕೊಟ್ಟಳು. ಕೈಗೆ ತಣ್ಣಗೆ, ಮೆತ್ತಗೆ.

ಅವಳು ಹುಳ ಆರಿಸುತ್ತಲೇ ಹೇಳಿದಳು. ‘ತಾತ, ನಂಗೆ ಈ ನಿಶ್ಚಿತಾರ್ಥ ಬೇಡ.’

ಯಜಮಾನರ ಕೈ ನಿಲ್ಲಲಿಲ್ಲ. ಕೇಳಿಸಲಿಲ್ಲವೇನೋ ಅಂದುಕೊಂಡೆ. ವರಲಕ್ಷ್ಮಮ್ಮ, ‘ಮಗು ಮಾತಾಡ್ತಾ ಐತೆ’ ಅಂದರು. ಅಷ್ಟೇ. ಅವಳು ಮತ್ತೆ ಹೇಳಿದಳು, ಕಾರಣಸಹಿತ. ಒಂದು ಹುಳವನ್ನೂ ಕೆಳಗೆ ಬೀಳಿಸಲಿಲ್ಲ.

ಯಜಮಾನರು ಆ ಚಂದ್ರಿಕೆ ತುಂಬಿದ ಮೇಲೆ ಎದ್ದರು. ಸುತ್ತಲ ಊರಿಗೆಲ್ಲ ಹೇಳಿಯಾಗಿದೆ ಅಂದರು. ನನ್ನ ಕಡೆ ಒಂದು ಸಲ ನೋಡಿದರು. ಹೊರಗೆ ಹೋದರು.

ನಾವು ಮೂವರು ಕತ್ತಲಾಗುವವರೆಗೂ ಹುಳ ಆರಿಸಿದೆವು. ಬಿಟ್ಟು ಬರಲು ಮನಸ್ಸಾಗಲಿಲ್ಲ.

ಫೆಬ್ರವರಿ 27

ಮುನಿಶಾಮಪ್ಪನವರು ತಮ್ಮ ಜಮೀನಿನ ದಾರಿಗೆ ಮುಳ್ಳು ಹಾಕಿಸಿದ್ದಾರೆ. ಜೀಪು ಬರುವ ಹಾಗಿಲ್ಲ. ನಾಡಿದ್ದು ಗೌರಿಬಿದನೂರಿನ ಮೇಷ್ಟ್ರುಗಳು ಸಂಸಾರಸಮೇತ ಬರುತ್ತಾರೆ.

ಮಾರ್ಚ್ 1

ಎಲ್ಲರನ್ನೂ ಟಾರು ರಸ್ತೆಯಲ್ಲೇ ಇಳಿಸಿಕೊಂಡು, ಹಿಂದಿನ ಸೀತಾಫಲದ ಕಾಲುದಾರಿಯಲ್ಲಿ ನಡೆಸಿದೆ. ನಮ್ಮಲ್ಲಿ ಕಾರ್ಯಕ್ರಮ ಇಲ್ಲಿಂದಲೇ ಶುರು, ಸಾಮಾನು ಅವರವರೇ ಹೊರಬೇಕು ಅಂದೆ. ಅದೇ ನಿಯಮವೇನೋ ಅನ್ನುವ ಹಾಗೆ ಹೇಳಿದೆ, ನಂಬಿದರು. ಅಕ್ಕಿಮೂಟೆಯನ್ನು ಭಾನುಪ್ರಕಾಶ್ ಹೊತ್ತ, ತರಕಾರಿ ನಾನು. ಅರ್ಧ ದಾರಿಯಲ್ಲಿ ಒಂದು ಮುಂಗುಸಿ ಸಂಸಾರ ಅಡ್ಡ ಬಂತು. ಎಲ್ಲರೂ ಬಾಯಿ ಕಳೆದುಕೊಂಡು ನಿಂತರು. ಗಣಿತದ ಮೇಷ್ಟ್ರೊಬ್ಬರು ಮಾತ್ರ ಜೋರಾಗಿ ಏನೋ ವಿವರಿಸಲು ಹೊರಟರು. ಸುಮ್ಮನಿರಿ ಸಾರ್ ಅಂದೆ. ಸಂಜೆ ಗೂಬೆಯಿಂದ ದೂರದ ಇನ್ನೊಂದು ಬಂಡೆಯ ಮೇಲೆ ಕೂತು ಹೊತ್ತು ಮುಳುಗುವುದನ್ನು ನೋಡಿದರು. ರಾತ್ರಿ ಊಟದ ಹೊತ್ತಿಗೆ, ಮಳೆಗಾಲಕ್ಕೆ ಮತ್ತೆ ಬರುತ್ತೇವೆ, ಇದೇ ದಾರಿಯಲ್ಲಿ ನಡೆಸಬೇಕು ಅಂದರು.

ದಾರಿಗೆ ಮುಳ್ಳು ಹಾಕಿ ನಮ್ಮ ಗುಡ್ಡ ಮುಚ್ಚಿಸಲಿಕ್ಕಾಗುವುದಿಲ್ಲ. ಆದರೂ ಇದು ಹೀಗೆ ನಡೆಯಬಾರದು. ನಾನೇ ಹೋಗಿ ಮಾತಾಡುತ್ತೇನೆ.

ಮಾರ್ಚ್ 4

ಹೋದೆ. ದ್ರಾಕ್ಷಿ ಚಪ್ಪರದ ಕೆಳಗೆ ಒಬ್ಬರೇ ಕೂತಿದ್ದರು. ಕೂತ್ಕೊಳ್ಳಿ ಅನ್ನಲಿಲ್ಲ, ನಾನೇ ಕೂತೆ.

‘ಫಂಕ್ಷನ್ ಆಗಿದ್ರೆ ನಿಮ್ಗೇ ಹೆಸ್ರು ಬರ್ತಿತ್ತು’ ಅಂದರು. ‘ನೀವ್ಯಾಕಮ್ಮ ಮಧ್ಯ ಬಂದ್ರಿ?’

‘ನಾನು ಬರಲಿಲ್ಲ ಯಜಮಾನರೇ. ಅವಳು ಬಂದಳು. ಹೋಗು ಅನ್ನಕ್ಕಾಗಲಿಲ್ಲ.’

ಅವರು ಒಂದು ಒಣಗಿದ ಬಳ್ಳಿ ಮುರಿದರು, ಇನ್ನೊಂದು ಮುರಿದರು. ಆಮೇಲೆ ನನಗೆ ಗೊತ್ತಿಲ್ಲದ ಸಂಗತಿ ಹೇಳಿದರು. ಶನಿವಾರ ಬೆಂಗಳೂರಿಗೆ ಹೋಗಿ ಬಂದರಂತೆ, ಯಾರಿಗೂ ಹೇಳದೆ. ಮಗನನ್ನು ಕಳಿಸಿದರೆ ಸರಿಯಲ್ಲ, ಮಾತು ಕೊಟ್ಟವನು ತಾನು, ಹುಡುಗನ ಹತ್ತಿರ ತಾನೇ ಮಾತಾಡಬೇಕು ಅಂತ. ಹುಡುಗನ ಮನಸ್ಸಿನಲ್ಲಿ ಏನಿದೆ ಕೇಳಿಕೊಂಡು, ಹೇಗಾದರೂ ಇಬ್ಬರನ್ನೂ ಒಪ್ಪಿಸಿ ಸರಿ ಮಾಡೋಣ ಅಂತಲೇ ಹೋಗಿದ್ದಂತೆ.

‘ನಮ್ಮುಡುಗಿಗೆ ಇನ್ನೂ ಓದೋ ಆಸೆ ಐತೆ, ನಿನ್ ಜೊತೆ ಮಾತಾಡಕ್ಕೂ ಕಷ್ಟ ಆಗ್ತೈತಂತೆ ಅಂದೆ ಕಣಮ್ಮ.’ ಕೈಯಲ್ಲಿದ್ದ ಬಳ್ಳಿ ಬಿಸಾಡಿ, ‘ಹುಡುಗ ನಕ್ಕ’ ಅಂದರು. ‘ನಂಗೆ ಅರವತ್ತೆಂಟು ವರ್ಷ. ನನ್ ಮಾತಿಗೆ ಎದುರು ಕೂತು ಯಾರೂ ನಕ್ಕಿರಲಿಲ್ಲ.’

ಅಲ್ಲಿಯೇ ಮುರಿದು ಬಂದರಂತೆ.

ಆದರೆ ಕರೆದವರನ್ನು ಬರಬೇಡಿ ಅನ್ನುವುದು ಅವರಿಂದ ಆಗುವುದಿಲ್ಲವಂತೆ. ಒಂಬತ್ತನೇ ತಾರೀಖು ಊಟ ಆಗಲೇಬೇಕು. ಯಾವ ಲೆಕ್ಕದ ಊಟ ಅಂತ ಹೇಳುವುದು ಅಂದೆ. ಅದು ಆ ಹೊತ್ತಿಗೆ ನೋಡೋಣ ಅಂದರು. ಮಾವಿನ ತೋಪಿನಲ್ಲೇ ಮಾಡೋಣ, ಪಾಳಿಯ ಮೇಲೆ, ಮೈಕಿಲ್ಲದೆ ಅಂದೆ. ‘ನಾದಸ್ವರದೋರು ಬರ್ತಾರೆ. ಅಡ್ವಾನ್ಸ್ ಕೊಟ್ಟಾಗೈತೆ’ ಅಂದರು.

ನಾನು ವಾಪಸು ಬರುವಾಗ ಆಳುಗಳು ಮುಳ್ಳು ತೆಗೆಯುತ್ತಿದ್ದರು.

ಮಾರ್ಚ್ 9

ಕಾಲು ನೋಯುತ್ತಿದೆ. ಆದರೂ ಬರೆಯಬೇಕು.

ಬೆಳಿಗ್ಗೆಯಿಂದ ಜನ. ಊರೂರಿಂದ ಟ್ರ್ಯಾಕ್ಟರಿನಲ್ಲಿ, ಬೈಕಿನಲ್ಲಿ. ನೂರು ಜನ ಏಳುವ ಹೊತ್ತಿಗೆ ಇನ್ನೊಂದು ನೂರನ್ನು ಬೇಲಿಯ ಆಚೆ ದ್ರಾಕ್ಷಿ ಚಪ್ಪರದ ನೆರಳಲ್ಲಿ ಕೂರಿಸಿರುತ್ತಿದ್ದೆ. ಪಂಕ್ತಿ ಪಂಕ್ತಿಗೂ ನಾನೇ ಹೋಗಿ ಹೇಳಿದೆ, ಒಬ್ಬೊಬ್ಬರ ಹತ್ತಿರ ಬಗ್ಗಿ ಹೇಳಿದೆ: ಇಲ್ಲಿ ಜೀವಗಳಿವೆ, ಮೆಲ್ಲಗೆ ಮಾತಾಡಿ. ಆಶ್ಚರ್ಯ ಅಂದರೆ ಕೇಳಿದರು. ಒಬ್ಬಟ್ಟು ಬಾಯಿಯಲ್ಲಿದ್ದಾಗ ಯಾರು ತಾನೆ ಕೂಗುತ್ತಾರೆ. ಶ್ಯಾಮಲಮ್ಮ ಮೇಡಂ ಎರಡನೇ ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಊಟ ಮಾಡಿದರು, ಎರಡು ಸಲ ಒಬ್ಬಟ್ಟಿನ ಸಾರು ಹಾಕಿಸಿಕೊಂಡರು.

ಹುಡುಗರ ಗುಂಪೊಂದು ಮೇಲಿನ ಬಂಡೆ ಕಡೆ ನುಗ್ಗುತ್ತದೆ ಅಂತ ನನಗೆ ಭಯವಿತ್ತು. ಭಾನುಪ್ರಕಾಶನನ್ನು ಅಲ್ಲಿ ನಿಲ್ಲಿಸಿದ್ದೆ, ಆದರೆ ಅವನ ಮಾತನ್ನು ಯಾರು ಕೇಳಬೇಕು. ಹೋಗಿ ನೋಡಿದರೆ ಕಾಲುದಾರಿಗೆ ಅಡ್ಡಲಾಗಿ ವರಲಕ್ಷ್ಮಮ್ಮ ಚಾಪೆ ಹಾಸಿಕೊಂಡು ಕೂತಿದ್ದಾರೆ. ಮುಂದೆ ಎಲೆಯಡಿಕೆಯ ತಟ್ಟೆ. ತಾಂಬೂಲ ಇಲ್ಲೇ ಕೊಡೋದು ಅಂತ ಎಲ್ಲರನ್ನೂ ಅಲ್ಲಿಗೇ ಕರೆಸಿ, ಅಲ್ಲಿಂದಲೇ ವಾಪಸು ಕಳಿಸುತ್ತಿದ್ದರು. ಯಾಕೆ ಇಲ್ಲಿ ಕೂತಿರಿ ಅಂತ ಯಾರೂ ಕೇಳಲಿಲ್ಲ. ಮಧ್ಯಾಹ್ನ ಪೂರ್ತಿ ಅವರನ್ನು ದಾಟಿ ಒಂದು ನಾಯಿ ಕೂಡ ಮೇಲೆ ಹೋಗಲಿಲ್ಲ.

ಎಲ್ಲರೂ ಕೇಳುತ್ತಿದ್ದರು, ಹುಡುಗನ ಕಡೆಯವರು ಎಲ್ಲಿ ಅಂತ. ಕೊನೆಯ ಪಂಕ್ತಿಗೆ ಮುಂಚೆ ಮುನಿಶಾಮಪ್ಪನವರು ತೋಪಿನ ನಡುವೆ ನಿಂತರು. ನಾದಸ್ವರದವರಿಗೆ ಕೈ ತೋರಿಸಿ ನಿಲ್ಲಿಸಿದರು. ಮೈಕಿಲ್ಲ. ಎಲ್ಲರೂ ಕಿವಿಗೊಡಬೇಕಾಯಿತು.

‘ನಿಶ್ಚಿತಾರ್ಥ ಇಲ್ಲ. ನಮ್ಮುಡುಗಿ ಇನ್ನೂ ಓದ್ತಾಳೆ. ಇದು ಅದರ ಊಟ’ ಅಂದರು. ‘ಉಣ್ಣಿ.’

ಹಿಂದಿನಿಂದ ಒಬ್ಬ ಮುದುಕ, ಸಾರು ಬರಲಪ್ಪ ಅಂದ. ನಾದಸ್ವರ ಶುರುವಾಯಿತು. ಮೌನಿಕಾ ಸಾರಿನ ಬಕೆಟ್ ಹಿಡಿದು ಮೊದಲನೇ ಎಲೆಗೆ ಬಗ್ಗಿದಳು. ಮಾಮೂಲಿ ಚೂಡಿದಾರ ಹಾಕಿದ್ದಳು, ಹಸಿರುಬಣ್ಣದ್ದು.

ಹೊತ್ತು ಮುಳುಗುವುದರೊಳಗೆ ಗುಡ್ಡ ಖಾಲಿ. ಒಂದು ಎಲೆ ಕೂಡ ನೆಲದ ಮೇಲಿಲ್ಲ. ನಾನೂ ಭಾನುಪ್ರಕಾಶನೂ ಹತ್ತಿ ನೋಡಿದೆವು. ತಾಯಿ ಕೂತಿತ್ತು. ಎರಡು ಮರಿ.

ಮಾರ್ಚ್ 14

ದೇವನಹಳ್ಳಿಯವರು ಫೋನ್ ಮಾಡಿದ್ದರು. ನಾನಾಗ ಮೇಲಿದ್ದೆ, ಮರಿಗಳು ಮೊದಲ ಸಲ ಬಿರುಕಿನಿಂದ ಆಚೆ ನಡೆದು ಬಂದಿದ್ದವು. ದೊಡ್ಡದು ಮುಂದೆ, ಚಿಕ್ಕದು ಎಡವುತ್ತ ಹಿಂದೆ. ಆಮೇಲೆ ಮಾಡ್ತೀನಿ ಅಂತ ಪಿಸುಗುಟ್ಟಿ ಇಟ್ಟೆ. ಮಾಡಲು ಮರೆತೆ. ನಾಳೆ ಮಾಡಬೇಕು.

ಮಳೆಗಾಲದ ಶಿಬಿರಕ್ಕೆ ಎರಡು ಶಾಲೆಯವರು ಕೇಳಿದ್ದಾರೆ. ಒಂದಕ್ಕೆ ಆಗುವುದಿಲ್ಲ ಅಂದೆ. ಅವರಿಗೆ ಕ್ಯಾಂಪ್‌ಫೈರು, ಡಾನ್ಸು ಬೇಕಂತೆ. ಅದಕ್ಕೆಲ್ಲ ಬೇರೆ ಜಾಗಗಳಿವೆ.

ಮಾರ್ಚ್ 23

ಮುನಿಶಾಮಪ್ಪನವರು ಮೊನ್ನೆ ಫೋನ್ ಮಾಡಿ, ಒಂದು ರಾತ್ರಿಗೆ ಒಂದು ರೂಮು ಬೇಕು ಅಂದರು. ಯಾರಿಗೆ ಅಂದೆ. ಗಂಟಲು ಸರಿಮಾಡಿಕೊಂಡು, ‘ನಮಗೇ’ ಅಂದರು. ಮನೆ ಇಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿದೆ. ಮೂಲೆಯ ರೂಮು ಕೊಟ್ಟೆ, ಅಲ್ಲಿ ಗಾಳಿ ಚೆನ್ನಾಗಿರುತ್ತದೆ.

ನಿನ್ನೆ ಸಂಜೆ ಇಬ್ಬರೂ ನಡೆದುಕೊಂಡೇ ಬಂದರು. ಬ್ಯಾಗು ಮೌನಿಕಾ ಹೊತ್ತು ತಂದು ಬಿಟ್ಟುಹೋದಳು. ಎಂ.ಎಸ್ಸಿ. ಎಂಟ್ರೆನ್ಸಿಗೆ ಓದುತ್ತಿದ್ದಾಳೆ. ಊಟಕ್ಕೆ ಆಂಜಿನಮ್ಮ ಮುದ್ದೆ, ಸೊಪ್ಪಿನ ಸಾರು ಮಾಡಿದ್ದರು. ಯಜಮಾನರು ನಮ್ಮೆಲ್ಲರ ಜೊತೆ ಒಳಗೆ ಕೂತು ಉಂಡರು. ಇನ್ನೊಂದು ಮುದ್ದೆ ಹಾಕಿ ಅಂತ ನನ್ನನ್ನೇ ಕೇಳಿದರು.

ಇವತ್ತು ಬೆಳಿಗ್ಗೆ ಬೇಗ ಎದ್ದು ಮೇಲೆ ಹೋಗುತ್ತೇವೆ ಅಂದರು. ಗೂಬೆ ಇರುವ ಕಡೆ ಬೇಡ, ಪೂರ್ವದ ಬಂಡೆಗೆ ಕರೆದುಕೊಂಡು ಹೋದೆ. ಅಲ್ಲಿಂದ ಇಡೀ ಬಯಲು ಕಾಣುತ್ತದೆ. ಯಜಮಾನರು ಹುಟ್ಟಿದಾಗಿನಿಂದ, ವರಲಕ್ಷ್ಮಮ್ಮ ಮದುವೆಯಾದಾಗಿನಿಂದ ಈ ಗುಡ್ಡದ ಬುಡದಲ್ಲಿದ್ದರೂ ಇಬ್ಬರೂ ಹತ್ತಿ ನೋಡಿರಲಿಲ್ಲವಂತೆ. ವರಲಕ್ಷ್ಮಮ್ಮನಿಗೆ ಮಂಡಿ ನೋವು, ಎರಡು ಕಡೆ ಕೂತು ಕೂತು ಹತ್ತಿದರು.

ಬಿಸಿಲು ಬರುತ್ತಿತ್ತು. ಕೆಳಗೆ ಹಿಪ್ಪುನೇರಳೆಯ ಹಸಿರು, ದ್ರಾಕ್ಷಿ ಚಪ್ಪರದ ಸಾಲು, ಹುಳದ ಮನೆಯ ತಗಡು, ಅದರ ಪಕ್ಕ ಅವರ ಮನೆ. ಮುನಿಶಾಮಪ್ಪನವರು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

‘ನಮ್ಮನೆ ಇಷ್ಟೇನಾ’ ಅಂದರು.

ವರಲಕ್ಷ್ಮಮ್ಮ ಬಂಡೆಯ ಮೇಲೆ ಕಾಲು ಚಾಚಿ ಕೂತಿದ್ದರು. ತಲೆ ಕೂಡ ತಿರುಗಿಸಲಿಲ್ಲ.

‘ಅಷ್ಟನ್ನೇ ನಾನು ನಲವತ್ತೈದು ವರ್ಷ ಗುಡಿಸಿದ್ದು.’

ಯಜಮಾನರಿಗೆ ಕೇಳಿಸಿತು. ಹೆಂಡತಿಯ ಕಡೆ ತಿರುಗಿ ನೋಡಿದರು. ಆಮೇಲೆ ಅವರ ಪಕ್ಕದಲ್ಲಿ, ತಮ್ಮ ನೆರಳು ಅವರ ಮೇಲೆ ಬೀಳದ ಹಾಗೆ ಸ್ವಲ್ಪ ಸರಿದು ಕೂತರು. ನಾನು ಕೆಳಗಿಳಿದು ಬಂದೆ. ಕಾಫಿ ಹೊತ್ತಾದರೂ ಇಬ್ಬರೂ ಬರಲಿಲ್ಲ. ಕರೆಯೋಣವಾ ಅಂದರು ಆಂಜಿನಮ್ಮ. ಬೇಡ, ಇರಲಿ ಅಂದೆ.